ಹಾಲಾಹಲದ ಕಥೆಗಾರ ಇಲ್ಲೇ ಇದ್ದಾರೆ

ಬೆಂಗಳೂರಿನಲ್ಲಿ ಕೂತು ಒಂದೂವರೆ ದಶಕಕ್ಕೂ ಮೇಲ್ಪಟ್ಟು ಒಂದು ಹೊಸ ಪುರಾಣ ಕಟ್ಟುತ್ತಿರುವವರೊಬ್ಬರಿದ್ದಾರೆ. ಆ ಪುರಾಣದಲ್ಲಿ ದೇವರುಗಳುಂಟು, ಕಾಡುಂಟು, ನಗರವುಂಟು, ಜಾಹೀರಾತು ಫಲಕಗಳಂತೂ ಕಣ್ಣು ಹಾಯಿಸಿದಲ್ಲೆಲ್ಲ ಉಂಟು. ಮಾತು ಮಾತ್ರ ಅಪರೂಪ. ಮೊದಲಿಂದ ಕೊನೆವರೆಗೆ ಸಂಭಾಷಣೆಯೇ ಇಲ್ಲದ ಪುಸ್ತಕಗಳನ್ನೂ ಅವರು ಬರೆದಿದ್ದಾರೆ. ಹೆಸರು ಜಾರ್ಜ್ ಮ್ಯಾಥನ್. ಪುಸ್ತಕದ ಮೇಲೆ ಅಚ್ಚಾಗುವುದು ಅಪ್ಪುಪೆನ್ ಎಂದು. ಇಂಗ್ಲಿಷಿನಲ್ಲಿ ಕಾಮಿಕ್ಸ್ ಓದುವ ಬಳಗದಲ್ಲಿ ಈ ಹೆಸರಿಗೆ ಗೌರವವಿದೆ, ಫ್ರಾನ್ಸಿನಲ್ಲೂ ಅವರ ಪುಸ್ತಕ ಪ್ರಕಟವಾಗಿದೆ. ಕನ್ನಡದ ಓದುಗರನ್ನು ಕೇಳಿ ನೋಡಿ, ಹೆಚ್ಚಿನವರು ಯಾರು ಅವರು ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ಕೈಚೆಲ್ಲಬಹುದು. ಆದರೆ ಮಾತೇ ಇಲ್ಲದ ಪುಸ್ತಕಕ್ಕೆ ಭಾಷೆಯ ಬೇಲಿ ಹಾಕಿದವರು ಯಾರು?

ನಾನಿರುವುದು ಸೋಂಪುರದಲ್ಲಿ. ನೆಲಮಂಗಲ ತಾಲ್ಲೂಕಿನ ಈ ಹೋಬಳಿಯಲ್ಲಿ ತಲೆ ಎತ್ತಿದರೆ ಒಂದು ಕಡೆ ಶಿವಗಂಗೆ ಬೆಟ್ಟ, ಇನ್ನೊಂದು ಕಡೆ ಕಾರ್ಖಾನೆ ಶೆಡ್ಡುಗಳ ತಗಡಿನ ಚಾವಣಿ. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ಕೈಗಾರಿಕಾ ಪ್ರದೇಶ ಬಂತು, ಅದರ ಬೆನ್ನಿಗೇ ಗೋದಾಮು, ಲೇಔಟು, ಬಾಡಿಗೆ ರೂಮುಗಳ ಸಾಲು. ದಾಬಸ್‌ಪೇಟೆಯಲ್ಲಿ ತುಮಕೂರು ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸೈಟು ಮಾರುವ ಬೋರ್ಡುಗಳು ಸಾಲುಗಟ್ಟಿವೆ. ನಗುವ ಗಂಡ, ನಗುವ ಹೆಂಡತಿ, ಒಂದು ಗಂಡು ಒಂದು ಹೆಣ್ಣು ಮಗು, ಹಿಂದೆ ಕತ್ತರಿಸಿಟ್ಟ ಹಾಗಿರುವ ಹಸಿರು ಹುಲ್ಲು. ಅಂಥ ಹುಲ್ಲನ್ನು ನಾನು ಇಲ್ಲಿ ಯಾರ ಮನೆಯ ಮುಂದೂ ಕಂಡಿಲ್ಲ. ಕುಡಿಯುವ ನೀರಿಗೇ ಬೋರ್‌ವೆಲ್ ನಂಬಿಕೊಂಡ ಜಾಗ ಇದು. ಅಪ್ಪುಪೆನ್ 2014ರಲ್ಲಿ ತಂದ ‘ಆಸ್ಪೈರಸ್’ ಪುಸ್ತಕದಲ್ಲಿ ಕನಸೆಂಬುದು ಸೋಂಕಿನ ಹಾಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಯಾರದೋ ಕನಸನ್ನು ಮಾರಾಟಕ್ಕಿಡುತ್ತಾರೆ, ಕೊಂಡವರು ಅದನ್ನು ತಮ್ಮದೇ ಎಂದುಕೊಳ್ಳುತ್ತಾರೆ. ಪುಸ್ತಕ ಮುಚ್ಚಿ ಬಸ್‌ಸ್ಟಾಪಿಗೆ ಬಂದರೆ ಅದೇ ಕನಸು ನಲವತ್ತಡಿ ಎತ್ತರದಲ್ಲಿ ನಿಂತು ನಗುತ್ತಿರುತ್ತದೆ.

ಅಪ್ಪುಪೆನ್ ಮೂಲತಃ ಮಲಯಾಳಿ. ಸಹಿ ಮಾಡುವ ಹೆಸರು ಮಲಯಾಳದಲ್ಲಿ ಅಜ್ಜನನ್ನು ಕರೆಯುವ ಮಾತಿನಿಂದ ಬಂದದ್ದು. ಜಾಹೀರಾತು ಕಂಪನಿಯ ಕೆಲಸ ಮಾಡಿ ಬಂದವರಾದ್ದರಿಂದ ಆ ಲೋಕದ ಒಳಗುಟ್ಟು ಅವರಿಗೆ ಚೆನ್ನಾಗಿ ಗೊತ್ತು. ಆಸೆ ಹುಟ್ಟಿಸುವ ಕಸುಬನ್ನು ಒಳಗಿನಿಂದ ಕಂಡ ಸಿಟ್ಟು ಅವರ ರೇಖೆಯಲ್ಲಿ ಉದ್ದಕ್ಕೂ ಕಾಣುತ್ತದೆ. ಬೆಂಗಳೂರಿನ ರಾಕ್ ಸಂಗೀತದ ಹುಚ್ಚಿದ್ದವರಿಗೆ ಅವರು ಇನ್ನೊಂದು ಕಾರಣಕ್ಕೂ ನೆನಪಿರಬಹುದು: ‘ಲೌಂಜ್ ಪಿರಾನಾ’ ಎಂಬ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು ಇವರೇ. ಆ ತಂಡ 2008ರಲ್ಲಿ ಒಂದು ಆಲ್ಬಮ್ ತಂದಿತು. ಮರುವರ್ಷ, ಅಂದರೆ 2009ರಲ್ಲಿ, ಚೆನ್ನೈನ ಬ್ಲಾಫ್ಟ್ ಪ್ರಕಾಶನ ಅವರ ಮೊದಲ ಪುಸ್ತಕ ‘ಮೂನ್‌ವರ್ಡ್’ ಪ್ರಕಟಿಸಿತು.

ಬ್ಲಾಫ್ಟ್ ಎಂಥ ಪ್ರಕಾಶನ ಎಂದು ತಿಳಿದರೆ ಪುಸ್ತಕದ ಜಾತಕವೂ ತಿಳಿಯುತ್ತದೆ. ತಮಿಳಿನ ರೈಲ್ವೆ ಸ್ಟೇಷನ್ ಕಾದಂಬರಿಗಳನ್ನು, ವಿಮರ್ಶಕರು ಮೂಗು ಮುರಿಯುವ ಪತ್ತೇದಾರಿ, ದೆವ್ವ, ಪ್ರೇಮದ ಕಥೆಗಳನ್ನು ಆಯ್ದು ಇಂಗ್ಲಿಷಿಗೆ ತಂದು ಹೆಸರಾದ ಸಣ್ಣ ಸಂಸ್ಥೆ ಅದು. ದೊಡ್ಡ ಪ್ರಕಾಶಕರು ಮುಟ್ಟದ್ದನ್ನು ಮುಟ್ಟುವುದೇ ಅದರ ಕಸುಬು. ‘ಮೂನ್‌ವರ್ಡ್’ ಕಪ್ಪುಬಿಳುಪಿನ ದಪ್ಪ ಪುಸ್ತಕ. ಹಾಲಾಹಲ ಎಂಬ ಲೋಕ ಮೊದಲ ಸಲ ಕಾಣಿಸಿಕೊಂಡದ್ದು ಅಲ್ಲಿ. ಸಮುದ್ರ ಕಡೆದಾಗ ಅಮೃತಕ್ಕೂ ಮುಂಚೆ ಎದ್ದು ಬಂದ ವಿಷದ ಹೆಸರನ್ನು ಒಂದಿಡೀ ಲೋಕಕ್ಕೆ ಇಟ್ಟುಬಿಟ್ಟರು. ಸೃಷ್ಟಿಯಿಂದ ಶುರುವಾಗಿ ದೇವರುಗಳನ್ನು ದಾಟಿ, ಮಹಾನನ ಎಂಬ ಸರ್ವಾಧಿಕಾರಿಯ ಕಾಲಕ್ಕೆ ಬಂದು ನಿಲ್ಲುವ ಕಥೆ. ಭಕ್ತಿಯೂ ವ್ಯಾಪಾರವೂ ಎಲ್ಲಿ ಕೈ ಕುಲುಕುತ್ತವೆ ಎನ್ನುವುದರ ಮೇಲೆ ಕಣ್ಣಿಟ್ಟ ಪುಸ್ತಕ. ಗೀರಿನ ಮೇಲೆ ಗೀರು ಎಳೆದು ಕತ್ತಲೆ ಕಟ್ಟುವ ಅವರ ಬಗೆ ಆ ಪುಸ್ತಕದಲ್ಲೇ ಗಟ್ಟಿಯಾಗಿತ್ತು.

2013ರಲ್ಲಿ ಹಾರ್ಪರ್‌ಕಾಲಿನ್ಸ್ ‘ಲೆಜೆಂಡ್ಸ್ ಆಫ್ ಹಾಲಾಹಲ’ ತಂದಿತು. ಐದು ಪ್ರೇಮಕಥೆಗಳು, ಮಾತಿಲ್ಲ. ಮರುವರ್ಷ ‘ಆಸ್ಪೈರಸ್’, ಅದೂ ಮೂಕ. 2018ರಲ್ಲಿ ‘ದ ಸ್ನೇಕ್ ಅಂಡ್ ದ ಲೋಟಸ್’. ಇದರಲ್ಲಿ ಮಾತಿದೆ. ಬಿಳಿಯ ನಗರದಲ್ಲಿ ಕಮಲದ ಹಾಲಿನ ಚಟಕ್ಕೆ ಬಿದ್ದ ಮನುಷ್ಯರು, ಅವರ ಬದುಕು ನಡೆಸುವ ಯಂತ್ರಗಳು, ಹೊರಗೆ ಉಸಿರು ಹಿಡಿದ ಹಸಿರು. ನಿಜ ಹೇಳಬೇಕೆಂದರೆ ಈ ಪುಸ್ತಕ ನನಗೆ ಅಷ್ಟು ಹಿಡಿಸಲಿಲ್ಲ. ಚಿತ್ರ ಹೇಳಿ ಮುಗಿಸಿದ್ದನ್ನು ಮಾತು ಮತ್ತೆ ಹೇಳುತ್ತದೆ ಅನ್ನಿಸಿತು. ಮೂಕ ಪುಸ್ತಕಗಳ ಮುಂದೆ ಅದು ತುಸು ಭಾರ.

ಇವೆಲ್ಲ ಅಂಗಡಿಯ ಕಪಾಟಿಗೆ ಹೋದ ಪುಸ್ತಕಗಳು. ಅಂಗಡಿಗೆ ಹೋಗದ ಕೆಲಸ ಬೇರೆ ಇದೆ. ‘ಬ್ರೈನ್‌ಡೆಡ್’ ಎಂಬ ಹೆಸರಿನಲ್ಲಿ ಅವರು ಅಂತರ್ಜಾಲದಲ್ಲಿ ಹರಿಬಿಟ್ಟ ಚಿತ್ರಗಳಲ್ಲಿ ‘ರಾಷ್ಟ್ರಮ್ಯಾನ್’ ಎಂಬ ನಾಯಕನಿದ್ದಾನೆ. ಮೈತುಂಬ ಸ್ನಾಯು, ತಲೆಯಲ್ಲಿ ಮಾತ್ರ ಏನೂ ಇಲ್ಲ. ದೇಶಭಕ್ತಿಯ ಹೆಸರಿನಲ್ಲಿ ನಡೆಯುವ ಅಬ್ಬರವನ್ನು ಸೂಪರ್‌ಹೀರೋ ಕಾಮಿಕ್ಸಿನ ವೇಷದಲ್ಲೇ ಅಣಕಿಸುವ ಸರಣಿ. ದಿನಪತ್ರಿಕೆಯ ಮುಖಪುಟ ಇಂಥದ್ದನ್ನು ಹಾಕಿಕೊಳ್ಳುವುದು ಕಷ್ಟ. ಆದ್ದರಿಂದ ಅದು ತನ್ನ ದಾರಿ ತಾನೇ ಮಾಡಿಕೊಂಡಿತು. ಅಂಡರ್‌ಗ್ರೌಂಡ್ ಕಾಮಿಕ್ಸ್ ಎಂದು ಕರೆಯುವುದು ಇದನ್ನೇ.

ಈ ಹೆಸರಿನ ಹಿಂದೆ ಅಮೆರಿಕದ ಕಥೆಯೊಂದಿದೆ. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಎಂದು ಫ್ರೆಡ್ರಿಕ್ ವರ್ತಮ್ ಎಂಬ ಮನೋವೈದ್ಯರು 1954ರಲ್ಲಿ ದೊಡ್ಡ ಪುಸ್ತಕ ಬರೆದರು. ಅದೇ ವರ್ಷ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಸರ್ಕಾರ ಕಾನೂನು ತರುವುದಕ್ಕೆ ಮುಂಚೆ ನಾವೇ ಬಾಲ ಮುದುರಿಕೊಳ್ಳುವುದು ಲೇಸೆಂದು ಪ್ರಕಾಶಕರೇ ಸೇರಿ ‘ಕಾಮಿಕ್ಸ್ ಕೋಡ್’ ಮಾಡಿಕೊಂಡರು. ರಕ್ತಪಿಪಾಸುಗಳು ಬೇಡ, ನಡೆದಾಡುವ ಹೆಣ ಬೇಡ ಎನ್ನುವುದು ಸರಿಯೇ. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವ ಹಾಗೆ ಬರೆಯಕೂಡದು ಎಂದೂ ಅದರಲ್ಲಿತ್ತು. ಕೋಡಿನ ಮುದ್ರೆ ಇಲ್ಲದ ಪುಸ್ತಕವನ್ನು ವಿತರಕರು ಎತ್ತುತ್ತಿರಲಿಲ್ಲ. ಕಾನೂನಿನ ಒಂದು ಸಾಲೂ ಇಲ್ಲದೆ ಒಂದು ಕಲೆಯ ಬಾಯಿ ಕಟ್ಟಿದ ರೀತಿ ಅದು.

ವಿತರಕರ ದಾರಿ ಮುಚ್ಚಿದರೆ ಬೇರೆ ದಾರಿ ಹುಡುಕಬೇಕು. ಕ್ಲೀವ್‌ಲ್ಯಾಂಡಿನ ಒಂದು ಗ್ರೀಟಿಂಗ್ ಕಾರ್ಡ್ ಕಂಪನಿಯಲ್ಲಿ ಮುದ್ದು ಮುದ್ದಾದ ಚಿತ್ರ ಬರೆದುಕೊಂಡಿದ್ದ ರಾಬರ್ಟ್ ಕ್ರಂಬ್ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಮರುವರ್ಷ ‘ಜ್ಯಾಪ್ ಕಾಮಿಕ್ಸ್’ ಮೊದಲ ಸಂಚಿಕೆ ಹೊರಬಂತು. ಅದನ್ನು ಮಾರಿದ್ದು ಹೇಟ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ, ಮಗು ಕೂರಿಸುವ ತಳ್ಳುಗಾಡಿಯಲ್ಲಿ ತುಂಬಿಕೊಂಡು. ತುಂಬು ಗರ್ಭಿಣಿ ಹೆಂಡತಿ ಡೇನಾ ಜೊತೆಗಿದ್ದರು. ಆಮೇಲೆ ಪೋಸ್ಟರು, ಚಿಲುಮೆ, ಗ್ರಾಮಫೋನ್ ತಟ್ಟೆ ಮಾರುವ ಹಿಪ್ಪಿ ಅಂಗಡಿಗಳೇ ಇಂಥ ಪುಸ್ತಕಗಳ ಅಡ್ಡೆಯಾದವು. ಮಾರಾಟವಾಗದ ಪ್ರತಿ ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲ, ಚಿತ್ರದ ಹಕ್ಕು ಚಿತ್ರಕಾರರದೇ. ದೊಡ್ಡ ಕಂಪನಿಗಳಲ್ಲಿ ಸೂಪರ್‌ಹೀರೋಗಳನ್ನು ಹುಟ್ಟಿಸಿದವರಿಗೆ ತಾವು ಹುಟ್ಟಿಸಿದ ಪಾತ್ರದ ಮೇಲೆ ಹಕ್ಕೇ ಇರದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಕ್ರಂಬ್ ಅವರನ್ನು ದೇವರು ಮಾಡುವುದು ಬೇಡ. ಹೆಣ್ಣನ್ನೂ ಕಪ್ಪು ಜನರನ್ನೂ ಅವರು ಬರೆದ ಕೆಲವು ಪುಟಗಳು ಇವತ್ತಿಗೂ ನನಗೆ ಓದಿ ಮುಗಿಸಲಾಗುವುದಿಲ್ಲ. ಅದನ್ನು ಆಗಲೇ ಮುಖಕ್ಕೆ ಹೇಳಿದವರಿದ್ದರು. ಗಂಡಸರ ಕೂಟದಲ್ಲಿ ಜಾಗ ಸಿಗದ ಟ್ರೀನಾ ರಾಬಿನ್ಸ್ 1970ರಲ್ಲಿ ಬರೀ ಹೆಂಗಸರೇ ಬರೆದ ‘ಇಟ್ ಏಂಟ್ ಮಿ, ಬೇಬ್’ ತಂದರು, ಎರಡು ವರ್ಷಕ್ಕೆ ‘ವಿಮೆನ್ಸ್ ಕಾಮಿಕ್ಸ್’ ಶುರುವಾಯಿತು. 1972ರಲ್ಲೇ ಜಸ್ಟಿನ್ ಗ್ರೀನ್ ತನ್ನ ಮನೋರೋಗವನ್ನೂ ಧರ್ಮಭೀತಿಯನ್ನೂ ಬಿಚ್ಚಿ ಬರೆದ ಆತ್ಮಕಥೆ ಬಂತು. ಅದೇ ವರ್ಷ ಆರ್ಟ್ ಸ್ಪೀಗಲ್‌ಮನ್ ಮೂರು ಪುಟದ ಒಂದು ಕಥೆ ಬರೆದರು: ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. ಅದು ಬೆಳೆದು ‘ಮೌಸ್’ ಆಗಿ 1992ರಲ್ಲಿ ಪುಲಿಟ್ಜರ್ ಪಡೆಯಿತು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಶ್ಲೀಲ ಯಾವುದೆಂದು ಅಳೆಯಲು ಆಯಾ ಊರಿನ ಮಾನದಂಡವೇ ಸಾಕೆಂದಿತು. ಹಿಪ್ಪಿ ಅಂಗಡಿಗಳು ಹೆದರಿ ಪುಸ್ತಕ ಇಡುವುದು ನಿಲ್ಲಿಸಿದವು, ಮೊದಲ ಅಲೆ ಅಲ್ಲಿಗೆ ಇಳಿಯಿತು.

ಇಲಿ ಎಂದಾಗ ಇನ್ನೊಂದು ಇಲಿಯ ವಿಚಾರ ಹೇಳಲೇಬೇಕು. 1971ರಲ್ಲಿ ಡ್ಯಾನ್ ಒನೀಲ್ ಮತ್ತು ಗೆಳೆಯರು ಮಿಕ್ಕಿ ಮೌಸನ್ನೇ ಎತ್ತಿಕೊಂಡು, ಅವನು ಡಿಸ್ನಿಯ ಪುಸ್ತಕದಲ್ಲಿ ಎಂದೂ ಮಾಡದ ಕೆಲಸಗಳನ್ನೆಲ್ಲ ಮಾಡಿಸಿ ‘ಏರ್ ಪೈರೇಟ್ಸ್ ಫನ್ನೀಸ್’ ತಂದರು. ಬಂದದ್ದು ಎರಡೇ ಸಂಚಿಕೆ. ಡಿಸ್ನಿ ಹಾಕಿದ ಕೇಸು ಹೆಚ್ಚುಕಡಿಮೆ ದಶಕ ನಡೆಯಿತು. ನಮ್ಮ ಕಡೆಯ ಇಲಿ ಡಿಂಗ. ‘ಬಾಲಮಂಗಳ’ ಓದಿ ಬೆಳೆದವರಿಗೆ ಅವನ ಪರಿಚಯ ಮಾಡಿಕೊಡಬೇಕಿಲ್ಲ. ಅವನು ಹುಟ್ಟಿದ್ದು ಕೇರಳದಲ್ಲಿ, ಡಿಂಕನ್ ಎಂಬ ಹೆಸರಿನಲ್ಲಿ. ಗಡಿ ದಾಟಿ ಬಂದು ನಮ್ಮ ಹುಡುಗರ ಮನಸ್ಸು ಗೆದ್ದ. ಆ ಹುಡುಗರು ಈಗ ನಡುವಯಸ್ಕರು. ಕೇರಳದ ವಿಚಾರವಾದಿ ತರುಣರು ಅದೇ ಡಿಂಕನನ್ನು ದೇವರೆಂದು ಘೋಷಿಸಿ, ಡಿಂಕೋಯಿಸಂ ಎಂಬ ಅಣಕು ಧರ್ಮವನ್ನೇ ಕಟ್ಟಿ, ನಮ್ಮ ಧಾರ್ಮಿಕ ಭಾವನೆಗೆ ಧಕ್ಕೆ ಬಂತೆಂದು ಗಂಭೀರವಾಗಿ ದೂರುವ ಆಟ ಹೂಡಿದರು. ಬಾಲ್ಯದ ಕಾಮಿಕ್ಸನ್ನು ದೊಡ್ಡವರ ಲೋಕಕ್ಕೆ ಕನ್ನಡಿ ಹಿಡಿಯಲು ಬಳಸುವ ಉಪಾಯ ಎರಡೂ ಕಡೆ ಒಂದೇ. ಡಿಂಗನೂ ಕೇರಳದವನು, ಅಪ್ಪುಪೆನ್ನರೂ ಕೇರಳದವರು. ಒಬ್ಬನನ್ನು ತೆರೆದ ತೋಳಿನಿಂದ ಬರಮಾಡಿಕೊಂಡ ಕನ್ನಡಕ್ಕೆ ಇನ್ನೊಬ್ಬರು ಪಕ್ಕದ ಬೀದಿಯಲ್ಲಿದ್ದರೂ ಕಾಣಲಿಲ್ಲ.

ಕಾಮಿಕ್ಸ್ ಎಂದರೆ ಮಕ್ಕಳದ್ದು ಎಂಬ ನಮ್ಮ ನಂಬಿಕೆ ಇದಕ್ಕೆ ಒಂದು ಕಾರಣ. ಆ ನಂಬಿಕೆ ಕಟ್ಟುವುದರಲ್ಲಿ ನಮ್ಮ ಕಾರ್ಕಳದವರೊಬ್ಬರ ಪಾಲು ದೊಡ್ಡದು. ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಫ್ಯಾಂಟಮ್‌ನ ಇಂದ್ರಜಾಲ ಕಾಮಿಕ್ಸ್ ಹೊರತಂದಾಗ ಅದರ ಹಿಂದೆ ಇದ್ದವರು. ಆಮೇಲೆ ಅಮರ ಚಿತ್ರ ಕಥೆಯ ‘ಅಂಕಲ್ ಪೈ’ ಆದರು. ಆ ಮಾಲೆಯ ಬೇರು ಬೆಂಗಳೂರಿನಲ್ಲಿದೆ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಇಂಡಿಯಾ ಬುಕ್ ಹೌಸ್‌ಗೆ ಇಲ್ಲಿ ದುಡಿಯುತ್ತಿದ್ದ ಜಿ.ಕೆ. ಅನಂತರಾಮ್, 1965ರ ಹೊತ್ತಿಗೆ ಪಾಶ್ಚಾತ್ಯ ಕಿನ್ನರ ಕಥೆಗಳ ಕಾಮಿಕ್ಸನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮಾರಿ ತೋರಿಸಿದರು. ಮೊದಲ ಹತ್ತು ನಂಬರು ಆ ಕಿನ್ನರ ಕಥೆಗಳಿಗೇ ಹೋದ್ದರಿಂದ ಇಂಗ್ಲಿಷಿನ ‘ಕೃಷ್ಣ’ನಿಗೆ ಸಿಕ್ಕಿದ್ದು ಹನ್ನೊಂದನೆಯ ನಂಬರು. ದೇಶಕ್ಕೆಲ್ಲ ಪುರಾಣ ಹೇಳಿದ ಕಾಮಿಕ್ಸ್ ಮಾಲೆಗೆ ಧೈರ್ಯ ಕೊಟ್ಟದ್ದು ಕನ್ನಡದ ಕೊಳ್ಳುಗರು.

ಅಮರ ಚಿತ್ರ ಕಥೆಯ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅದನ್ನು ಹರಿದುಹೋಗುವಷ್ಟು ಓದಿದವನೇ. ಆದರೆ ಅಲ್ಲಿ ರಾಕ್ಷಸರಿಗೆ ಒಂದು ಬಣ್ಣ, ದೇವರಿಗೆ ಇನ್ನೊಂದು. ಯಾರು ಒಳ್ಳೆಯವರೆಂದು ಮೈಬಣ್ಣ ನೋಡಿಯೇ ತಿಳಿಯಬಹುದಿತ್ತು. ಅದೇ ಬೆಂಗಳೂರಿನಲ್ಲಿ ನಾಲ್ಕು ದಶಕದ ಮೇಲೆ ಅಪ್ಪುಪೆನ್ ಕೂತು ಅದೇ ದೇವಾಸುರ ಪುರಾಣದ ಸಾಮಗ್ರಿಯಿಂದ ತದ್ವಿರುದ್ಧ ಪುಸ್ತಕ ಕಟ್ಟಿದರು. ದೇವರು ಅಲ್ಲಿ ಕಂಪನಿಯ ಹಾಗೆ ಕಾಣುತ್ತಾನೆ. ಎರಡರ ಬೇರೂ ಬೆಂಗಳೂರಿನಲ್ಲೇ. ಒಂದಕ್ಕೆ ಶಾಲೆ, ಬಸ್‌ಸ್ಟ್ಯಾಂಡು, ರೈಲು ನಿಲ್ದಾಣದ ಬಾಗಿಲೆಲ್ಲ ತೆರೆದಿತ್ತು, ಇನ್ನೊಂದಕ್ಕೆ ಚರ್ಚ್ ಸ್ಟ್ರೀಟಿನ ನಾಲ್ಕು ಅಂಗಡಿ.

ಹಾಗೆಂದು ಕನ್ನಡಕ್ಕೆ ಚುಚ್ಚುವ ರೇಖೆ ಹೊಸದೇನಲ್ಲ. ಡಾ. ಎಂ. ಶಿವರಾಂ, ನಮ್ಮ ರಾಶಿ, 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಪತ್ರಿಕೆಯಲ್ಲಿ ಆರ್.ಕೆ. ಲಕ್ಷ್ಮಣ್ ಎಳವೆಯಲ್ಲೇ ಚಿತ್ರ ಬರೆದರು. ಲಂಕೇಶರು 1980ರಲ್ಲಿ ಒಂದೂ ಜಾಹೀರಾತು ಹಾಕದೆ ಪತ್ರಿಕೆ ನಡೆಸಿ, ಓದುಗ ಕೊಡುವ ಪುಡಿಗಾಸಿನಲ್ಲೇ ಬದುಕಬಹುದೆಂದು ತೋರಿಸಿದರು. ಅಂಡರ್‌ಗ್ರೌಂಡ್ ಪ್ರೆಸ್ಸಿನ ಆರ್ಥಿಕತೆಯ ಮರ್ಮ ಅದೇ. ಇವತ್ತು ಕುಂದಾಪುರದಲ್ಲಿ ಕೂತು ಚಿತ್ರ ಬರೆಯುವ ಸತೀಶ್ ಆಚಾರ್ಯ ಅವರ ಕಥೆಯೂ ಇಲ್ಲಿ ಸಲ್ಲುತ್ತದೆ. 2018ರಲ್ಲಿ ಚೀನಾ ಕುರಿತ ಅವರ ಒಂದು ವ್ಯಂಗ್ಯಚಿತ್ರ ತಿರಸ್ಕೃತವಾಯಿತು, ದೆಹಲಿಯ ಪತ್ರಿಕೆಯೊಂದರಲ್ಲಿ ಬರುತ್ತಿದ್ದ ಅವರ ಅಂಕಣ ನಿಂತಿತು. ಅವರು ತಿರಸ್ಕೃತ ಚಿತ್ರವನ್ನೇ ಜನರ ಮುಂದಿಟ್ಟರು. ಈಗ ಅವರ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡುತ್ತದೆ.

ಅಮೆರಿಕದಲ್ಲಿ ಇಂಥವರ ಬೆನ್ನು ಹತ್ತಿದ್ದು ಅಶ್ಲೀಲತೆಯ ಕಾನೂನು, ನಮ್ಮಲ್ಲಿ ರಾಜಕೀಯ. 2012ರ ಏಪ್ರಿಲಿನಲ್ಲಿ ಕೋಲ್ಕತ್ತದ ಜಾಧವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಒಂದು ವ್ಯಂಗ್ಯಚಿತ್ರವನ್ನು ಇ-ಮೇಲಿನಲ್ಲಿ ಮುಂದೆ ಕಳಿಸಿದ್ದಕ್ಕೆ ಬಂಧನಕ್ಕೊಳಗಾದರು. ಬರೆದದ್ದಕ್ಕಲ್ಲ, ಕಳಿಸಿದ್ದಕ್ಕೆ! ಆ ಪ್ರಕರಣದಿಂದ ಅವರಿಗೆ ಬಿಡುಗಡೆ ಸಿಕ್ಕಿದ್ದು 2023ರಲ್ಲಿ. ಅದೇ 2012ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಅಸೀಮ್ ತ್ರಿವೇದಿ ಮೇಲೆ ರಾಜದ್ರೋಹದ ಆರೋಪ ಹೊರಿಸಿ ಜೈಲಿಗೆ ಕಳಿಸಿದರು, ಗಲಾಟೆಯಾದ ಮೇಲೆ ಆ ಆರೋಪ ಕೈಬಿಟ್ಟರು. ರಾಷ್ಟ್ರಮ್ಯಾನ್‌ನಂಥ ಚಿತ್ರ ಬರೆಯುವವರು ಈ ಲೆಕ್ಕವೆಲ್ಲ ತಲೆಯಲ್ಲಿಟ್ಟುಕೊಂಡೇ ಪೆನ್ನು ಹಿಡಿಯಬೇಕು.

ಬೆಂಗಳೂರಿನಲ್ಲಿ ಅಪ್ಪುಪೆನ್ ಒಂಟಿಯೇನಲ್ಲ. 2010ರಲ್ಲಿ ‘ಮಂತಾ ರೇ’ ಎಂಬ ಪುಟ್ಟ ಪ್ರಕಾಶನ ‘ಹಶ್’ ತಂದಿತು. ದೌರ್ಜನ್ಯಕ್ಕೆ ತುತ್ತಾದ ಹುಡುಗಿಯೊಬ್ಬಳ ಕಥೆ, ಅದೂ ಮಾತಿಲ್ಲದ್ದು. ಚಿತ್ರ ರಾಜೀವ್ ಐಪ್ ಅವರದು. ಆರತಿ ಪಾರ್ಥಸಾರಥಿ ಹಳೆಯ ಚಿಕಣಿ ಚಿತ್ರಗಳ ರಾಜರಾಣಿಯರ ಬಾಯಿಗೆ ಇವತ್ತಿನ ಮಾತು ಹಾಕಿ ‘ರಾಯಲ್ ಎಕ್ಸಿಸ್ಟೆನ್ಷಿಯಲ್ಸ್’ ಎಂಬ ಸರಣಿ ನಡೆಸಿದರು. ಭರತ್ ಮೂರ್ತಿ ಅವರ ‘ಕಾಮಿಕ್ಸ್ ಇಂಡಿಯಾ’ ಸಂಕಲನಗಳು ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ಪದ್ಧತಿಯಲ್ಲಿ ಬಂದವು. ಮುಂಗಡ ಬಂಡವಾಳ ಬೇಡ, ಗೋದಾಮು ಬೇಡ, ಗೆದ್ದಲಿಗೆ ಊಟವೂ ಇಲ್ಲ. ಮುಂದೆ ಅವರು ಹುಟ್ಟುಹಾಕಿದ ಇಂಡಿ ಕಾಮಿಕ್ಸ್ ಫೆಸ್ಟ್‌ನಲ್ಲಿ ಚಿತ್ರಕಾರರು ತಮ್ಮ ಪುಸ್ತಕವನ್ನು ಮೇಜಿನ ಮೇಲೆ ಹರಡಿಕೊಂಡು ತಾವೇ ಮಾರುತ್ತಾರೆ, ಕೊಂಡವರೊಂದಿಗೆ ಅಲ್ಲೇ ಜಗಳವನ್ನೂ ಆಡುತ್ತಾರೆ. ದೇಶದ ಮಟ್ಟಿಗೆ ಇವರೆಲ್ಲರಿಗೂ ಹಿರಿಯಣ್ಣ ಒರಿಜಿತ್ ಸೇನ್. ನರ್ಮದಾ ಅಣೆಕಟ್ಟಿನ ಕುರಿತ ಅವರ ‘ರಿವರ್ ಆಫ್ ಸ್ಟೋರೀಸ್’ 1994ರಲ್ಲೇ ಬಂದಿತ್ತು. ಮುಗಿದುಹೋಗಿ ಎಷ್ಟೋ ಕಾಲ ಜೆರಾಕ್ಸ್ ಪ್ರತಿಗಳಲ್ಲಿ ಬದುಕಿದ್ದ ಆ ಪುಸ್ತಕವನ್ನು 2022ರಲ್ಲಿ ಮತ್ತೆ ಅಚ್ಚು ಹಾಕಿದ್ದು ಅದೇ ಬ್ಲಾಫ್ಟ್.

ಇನ್ನು ಮೂಕ ಪುಸ್ತಕ ಓದುವುದು ಹೇಗೆ? ಗೆಳೆಯರೊಬ್ಬರು ‘ಲೆಜೆಂಡ್ಸ್ ಆಫ್ ಹಾಲಾಹಲ’ವನ್ನು ಹತ್ತು ನಿಮಿಷದಲ್ಲಿ ಮಗುಚಿ ಹಾಕಿ, ಇಷ್ಟೇನಾ ಎಂದರು. ಮಾತಿದ್ದರೆ ಮಾತು ನಮ್ಮ ಕೈಹಿಡಿದು ನಡೆಸುತ್ತದೆ, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದೂ ಅದೇ ಹೇಳುತ್ತದೆ. ಮಾತಿಲ್ಲದಿದ್ದರೆ ನಿಲ್ಲುವ ಹೊಣೆ ಓದುಗನದು. ಒಂದು ಚೌಕದಲ್ಲಿ ಬಾಗಿಲು ಮುಚ್ಚಿದೆ, ಮುಂದಿನ ಚೌಕದಲ್ಲಿ ತೆರೆದಿದೆ ಎಂದುಕೊಳ್ಳಿ. ತೆರೆದವರು ಯಾರು, ಎಷ್ಟು ಹೊತ್ತಾಯಿತು, ಸದ್ದಾಯಿತೋ ಇಲ್ಲವೋ ಎಂಬುದೆಲ್ಲ ನಡೆದದ್ದು ಎರಡು ಚೌಕಗಳ ನಡುವಿನ ಬಿಳಿ ಪಟ್ಟಿಯಲ್ಲಿ.

ಇದು ನಮಗೆ ಬಾರದ ವಿದ್ಯೆಯಲ್ಲ. ತರೀಕೆರೆ ಬಳಿಯ ಅಮೃತಪುರಕ್ಕೆ ಹೋಗಿ ನೋಡಿ. ಹೊಯ್ಸಳರ ಕಾಲದಲ್ಲಿ, 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನದ ಮಂಟಪದ ಗೋಡೆಯ ಮೇಲೆ 140 ಕೆತ್ತನೆಯ ಫಲಕಗಳಿವೆ. ದಕ್ಷಿಣದ ಬದಿಯ 70ರಲ್ಲಿ ರಾಮಾಯಣ, ಉತ್ತರದಲ್ಲಿ ಭಾಗವತ ಮತ್ತು ಮಹಾಭಾರತ. ರಾಮಾಯಣದ ಸಾಲು ಪ್ರದಕ್ಷಿಣೆಗೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ, ಕಥೆ ಓದಬೇಕೆಂದರೆ ಪದ್ಧತಿ ಬಿಟ್ಟು ಅಪ್ರದಕ್ಷಿಣೆಯಾಗಿ ನಡೆಯಬೇಕು. ಫಲಕದಲ್ಲಿ ಮಾತಿಲ್ಲ. ಕಥೆ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಬೆರಳು ತೋರಿಸಿ ಹೇಳುತ್ತ ಬಂದಿದ್ದಾರೆ. ಅಮೃತದ ಹೆಸರಿನ ಊರಿನಲ್ಲಿ ಎಂಟು ಶತಮಾನದಿಂದ ಮಾಡಿದ ಅಭ್ಯಾಸವನ್ನು ಹಾಲಾಹಲಕ್ಕೂ ಒಗ್ಗಿಸಿಕೊಂಡರೆ ಆಯಿತು.

ನಮ್ಮ ಸೋಂಪುರದ ಮಟ್ಟಿಗೆ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಸಂಜೆ ಪಾಳಿ ಬಿಟ್ಟಾಗ ಕಾರ್ಖಾನೆ ಗೇಟಿನ ಟೀ ಅಂಗಡಿಯಲ್ಲಿ ಕನ್ನಡದ ಜೊತೆಗೆ ಹಿಂದಿ, ಒಡಿಯಾ, ಬಂಗಾಳಿ, ತೆಲುಗು ಕಿವಿಗೆ ಬೀಳುತ್ತವೆ. ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಅರೆಬರೆ ಹಿಂದಿಯಲ್ಲಿ, ಉಳಿದದ್ದು ಕೈಸನ್ನೆಯಲ್ಲಿ. ಯಂತ್ರದ ಮುಂದೆ ಹನ್ನೆರಡು ಗಂಟೆ ನಿಂತು ಬಂದವರಿಗೆ, ಯಂತ್ರ ಆಳುವ ನಗರದ ಕಥೆಯನ್ನು ಯಾರೂ ವಿವರಿಸಬೇಕಿಲ್ಲ. ಈ ಪುಸ್ತಕಗಳ ನಿಜವಾದ ಓದುಗರು ಇವರೇ ಎಂದು ನನಗೆ ಅನ್ನಿಸುತ್ತದೆ. ಬೆಲೆ ನೋಡಿದರೆ ಕೊಳ್ಳುವುದು ದೂರದ ಮಾತು. ಬಣ್ಣದ ಅಚ್ಚು ದುಬಾರಿ, ದುಬಾರಿಯಾದ್ದರಿಂದ ಉಳ್ಳವರ ಕೈಗೆ. ಅಂಡರ್‌ಗ್ರೌಂಡ್ ಎನ್ನಿಸಿಕೊಂಡ ಕಲೆ ಕೊನೆಗೆ ದಪ್ಪ ರಟ್ಟಿನ ಪುಸ್ತಕವಾಗಿ ಕಾಫಿ ಟೇಬಲ್ ಸೇರುವುದು ಈ ಕಲೆಯ ಹಳೆಯ ಕಾಯಿಲೆ. ಕ್ರಂಬ್ ಕೂಡ ತನ್ನ ಸ್ಕೆಚ್ ಪುಸ್ತಕಗಳನ್ನು ಕೊಟ್ಟು ದಕ್ಷಿಣ ಫ್ರಾನ್ಸಿನಲ್ಲಿ ಮನೆ ಪಡೆದವರು. ತಳ್ಳುಗಾಡಿಯ ಜ್ಯಾಪ್ ಇವತ್ತು ಹರಾಜಿನ ವಸ್ತು.

ಅಪ್ಪುಪೆನ್ನರ ಈಚಿನ ಕೆಲಸ ಕೃತಕ ಬುದ್ಧಿಮತ್ತೆಯ ಕುರಿತದ್ದು. ಫ್ರಾನ್ಸಿನ ಭೌತವಿಜ್ಞಾನಿ ಮತ್ತು ಎಐ ಉದ್ಯಮಿ ಲೋರಾಂ ದೋದೆ ಅವರೊಂದಿಗೆ ಸೇರಿ ಮಾಡಿದ ‘ಡ್ರೀಮ್ ಮಷೀನ್’ ಫ್ರೆಂಚಿನಲ್ಲಿ 2023ರಲ್ಲಿ ಬಂತು, ಮರುವರ್ಷ ಇಂಗ್ಲಿಷಿನಲ್ಲಿ. ಸಣ್ಣ ಎಐ ಕಂಪನಿ ಕಟ್ಟಿದ ಹ್ಯೂಗೋ ಎಂಬಾತನ ಮುಂದೆ ದೈತ್ಯ ಕಂಪನಿಯೊಂದು ದೊಡ್ಡ ಒಪ್ಪಂದ ಇಡುತ್ತದೆ. ಸಹಿ ಹಾಕಬೇಕೋ ಬೇಡವೋ ಎಂಬ ಒದ್ದಾಟವೇ ಕಥೆ. ನಡುನಡುವೆ ಆ ಯಂತ್ರ ಕೆಲಸ ಮಾಡುವ ಬಗೆಯ ವಿವರಣೆ. ಚಿತ್ರ ಬರೆಯುವ ಯಂತ್ರಗಳು ಚಿತ್ರಕಾರರ ಕೆಲಸವನ್ನೇ ನುಂಗಿ ಕಲಿಯುತ್ತಿರುವ ಹೊತ್ತಿನಲ್ಲಿ, ಆ ಯಂತ್ರದ ಬಗ್ಗೆ ಒಬ್ಬ ಚಿತ್ರಕಾರ ಕೈಯಲ್ಲಿ ಬರೆದ ಪುಸ್ತಕ. ಬೆಂಗಳೂರಿನಂಥ ಊರಿನಿಂದ ಇದು ಬಾರದೆ ಇದ್ದಿದ್ದರೇ ಆಶ್ಚರ್ಯ.

ಕನ್ನಡಕ್ಕೆ ಅವರ ಮೂಕ ಪುಸ್ತಕಗಳು ಬರುವುದು ಹೇಗೆ? ಅನುವಾದದ ಖರ್ಚಿಲ್ಲ, ಮುನ್ನುಡಿಯೊಂದನ್ನು ಕನ್ನಡದಲ್ಲಿ ಬರೆದರೆ ಸಾಕು. ಅಡ್ಡಿ ಇರುವುದು ದಾರಿಯಲ್ಲಿ. ಕನ್ನಡದ ಎಷ್ಟೋ ಪ್ರಕಾಶಕರು ಉಸಿರಾಡುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಿಂದ. ಪುಟಕ್ಕೆ ಇಷ್ಟೆಂದು ದರ ಕಟ್ಟುವ ಆ ಲೆಕ್ಕದಲ್ಲಿ ಬಣ್ಣದ ಕಾಮಿಕ್ಸ್ ಅಚ್ಚು ಹಾಕಿದವರು ಕೈ ಸುಟ್ಟುಕೊಳ್ಳುವುದೇ ಹೆಚ್ಚು. ಇಲಾಖೆ ಚಿತ್ರಪುಸ್ತಕಗಳಿಗೆ ಬೇರೆ ದರ ಕಟ್ಟಬೇಕು. ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಾಗಿದೆ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವವನ್ನೂ ಪುಕ್ಕಟೆ ಕೊಟ್ಟಾಗಿದೆ. ಅಲ್ಲಿಗೆ ಇಂಥ ನಾಲ್ಕು ಪುಸ್ತಕ ಬಂದರೆ ಓದಲು ಬರುವವರಿಗೂ ಬಾರದವರಿಗೂ ಒಂದೇ ಬೆಂಚಿನಲ್ಲಿ ಕೂರುವ ನೆಪವಾಗುತ್ತದೆ. ನಿಮ್ಮೂರಿನ ಗ್ರಂಥಾಲಯ ಮೇಲ್ವಿಚಾರಕರನ್ನು ಒಂದು ಸಲ ಕೇಳಿ ನೋಡಿ. ಕೇಳುವವರಿಲ್ಲದೆ ಯಾವ ಪಟ್ಟಿಗೂ ಹೊಸ ಹೆಸರು ಸೇರುವುದಿಲ್ಲ.

ಚಿತ್ರ ಬರೆಯುವ ಹುಡುಗ ಹುಡುಗಿಯರಿಗೆ ಅಷ್ಟು ಕಾಯುವ ಅಗತ್ಯವಿಲ್ಲ. ಒಂದು ಎ-4 ಹಾಳೆ ತೆಗೆದುಕೊಳ್ಳಿ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಸಲ ಮಡಚಿದರೆ ಎಂಟು ಮನೆ ಬೀಳುತ್ತವೆ. ಬಿಚ್ಚಿ, ಉದ್ದನೆಯ ನಡುಗೆರೆಯಲ್ಲಿ ಮಧ್ಯದ ಎರಡು ಮನೆಗಳಷ್ಟು ಮಾತ್ರ ಕತ್ತರಿಸಿ, ಮತ್ತೆ ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಎಂಟು ಪುಟದ ಪುಸ್ತಕ ತಯಾರು. ಪಿನ್ನು ಬೇಡ, ಅಂಟು ಬೇಡ. ಒಂದೇ ಮಗ್ಗುಲಲ್ಲಿ ಚಿತ್ರ ಬರೆದು ದಾಬಸ್‌ಪೇಟೆಯ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ ಒಂದೆರಡು ರೂಪಾಯಿಗೆ ಒಂದು ಪ್ರತಿ. ಯಾರ ಅಪ್ಪಣೆಯೂ ಬೇಡ. ನಿಮ್ಮೂರಿನ ಕೆರೆ ಎಲ್ಲಿ ಹೋಯಿತು, ಬೋರ್ಡಿನ ಮೇಲಿನ ಸಂಸಾರ ಯಾಕೆ ನಗುತ್ತಿದೆ, ಅದನ್ನು ಬರೆಯಿರಿ. ಬರೆದ ಮೇಲೆ ಒಂದು ಪ್ರತಿಯನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕೊಟ್ಟು ಬನ್ನಿ.